ಬೆಣ್ಣೆ ದೋಸೆಗೆ ಹೋಗಿ ಮಂಡಕ್ಕಿ ಚೀಲ ಹೊತ್ತು ಬಂದಿದ್ದು

ಶುಕ್ರವಾರ

"ರೈಲಲ್ಲಿ ಕೊಡೋ ತಿಂಡಿ ಮುಟ್ಟಬೇಡ ಚಿಕ್ಕಮ್ಮ, ಖಾಲಿ ಹೊಟ್ಟೇಲಿ ಬಾ" ಅಂತ ಅಕ್ಕನ ಮಗಳು ಹಿಂದಿನ ರಾತ್ರಿಯೇ ಮೆಸೇಜ್ ಹಾಕಿದ್ದಳು. ಅವಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ವಿದ್ಯಾನಗರದಲ್ಲಿ ಪಿಜಿ. ಬೆಂಗಳೂರಿನಲ್ಲಿ ಬೆಳಗಿನ ವಂದೇ ಭಾರತ್ ಹತ್ತಿದರೆ ಒಂಬತ್ತೂವರೆಯೊಳಗೆ ದಾವಣಗೆರೆ. ದೋಸೆಗೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಆಫೀಸು, ಕಾಲೇಜಿಗೆ ಹೋಗುವವರ ಗಲಾಟೆ ಮುಗಿದಿರುತ್ತದೆ, ಒಲೆ ಮಾತ್ರ ಇನ್ನೂ ಜೋರಾಗಿರುತ್ತದೆ.

ಶ್ರಾವಣ ಶುರುವಾಗಿತ್ತು. ಮೋಡ ಮುಚ್ಚಿಕೊಂಡು ಸಣ್ಣಗೆ ಜಿನುಗುತ್ತಿತ್ತು. ಬೇಸಿಗೆಯಲ್ಲಿ ಈ ಊರಿಗೆ ಬಂದು ಬೆಂದವರು ಹೇಳಿದ್ದನ್ನು ಕೇಳಿದ್ದೆ. ಹಾಗಾಗಿ ಈ ಮಳೆ ಬಗ್ಗೆ ನನಗೇನೂ ತಕರಾರಿರಲಿಲ್ಲ. ಸ್ಟೇಷನ್ ಹೊರಗೆ ಅವಳು ಆಟೊ ಹಿಡಿದು ನಿಂತಿದ್ದಳು.

"ದೋಸೆಗೇನ್ರಿ?" ಅಂದರು ಆಟೊದವರು. ಬ್ಯಾಗು ಹಿಡಿದು ಇಳಿದವರನ್ನೆಲ್ಲ ಹೀಗೇ ಕೇಳುತ್ತಾರೋ ಏನೋ. ಹೌದು ಅಂದೆ. ನೀವೆಲ್ಲಿ ತಿಂತೀರಿ, ಅಲ್ಲಿಗೇ ಬಿಡಿ ಅಂದೆ. ಅವರು ಕನ್ನಡಿಯಲ್ಲಿ ನೋಡಿ ನಕ್ಕರು. "ನಾವು ದಿನಾ ಎಲ್ಲಿ ತಿನ್ನಾಕಾಗ್ತೈತ್ರಿ ಅಕ್ಕಾರೆ. ನೆಂಟ್ರು ಬಂದಾಗ ಕರ್ಕಂಡು ಹೋಗೋದು, ಅವ್ರ ಹೆಸ್ರಲ್ಲಿ ನಾವೂ ಒಂದು ತಿನ್ನೋದು. ನಮ್ದೇನಿದ್ರೂ ಮಂಡಕ್ಕಿ." ಆಗ ಅದನ್ನು ತಮಾಷೆ ಅಂತ ಕೇಳಿಸಿಕೊಂಡೆ. ಆಮೇಲೆ ಹೋದಲ್ಲೆಲ್ಲ ಅದೇ ಮಾತು ಸಿಕ್ಕಿತು.

ಅವರು ಬಿಟ್ಟಿದ್ದು ಹಳೇ ಪೇಟೆ ಕಡೆಯ ಒಂದು ಚಿಕ್ಕ ಹೋಟೆಲಿಗೆ. ಬಣ್ಣ ಮಾಸಿದ ಗೋಡೆ, ಉದ್ದ ಬೆಂಚು, ಗೋಡೆ ಮೇಲೆ ಕೊಟ್ಟೂರೇಶ್ವರನ ಫೋಟೊ. ಈ ಊರಿನ ದೋಸೆ ಹೋಟೆಲುಗಳಲ್ಲಿ ಕೊಟ್ಟೂರೇಶ್ವರ ಇಲ್ಲದ ಕಡೆ ಕಡಿಮೆ. ಕೆಲವಕ್ಕೆ ಹೆಸರೇ ಅದು. ಕೊಟ್ಟೂರು ಇಲ್ಲಿಗೆ ದೂರವಲ್ಲ, ಜಾತ್ರೆಗೆ ದಾವಣಗೆರೆಯಿಂದ ನಡೆದುಕೊಂಡೇ ಹೋಗುವವರು ಬೇಕಾದಷ್ಟಿದ್ದಾರೆ.

ಒಲೆ ಬಾಗಿಲ ಪಕ್ಕದಲ್ಲೇ ಇತ್ತು. ಸೌದೆ ಒಲೆ. ದೋಸೆ ಹುಯ್ಯುವವರು ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಒಂದು ಸಲ ಎಳೆದರು. ಚುಂಯ್ ಅಂತ ಹಬೆ ಎದ್ದಿತು. ಅದು ಇಳಿಯುವಷ್ಟರಲ್ಲಿ ಸಾಲಾಗಿ ಹಿಟ್ಟು ಬಿದ್ದಿತ್ತು. ಬೆಂಗಳೂರಿನ ಮಸಾಲೆ ದೋಸೆಯಂತೆ ಅಗಲಕ್ಕೆ ಎಳೆಯುವುದಿಲ್ಲ. ಸೌಟನ್ನು ಎರಡು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಾರೆ. ಚಿಕ್ಕದು, ಕೊಂಚ ದಪ್ಪ. ಮೇಲೆಲ್ಲ ತೂತು ತೂತಾಗುತ್ತಿದ್ದಂತೆ ಬೋಗುಣಿಯಿಂದ ಬೆಣ್ಣೆ ತೆಗೆದು ಒಂದೊಂದರ ನಡುವೆ ಇಟ್ಟರು. ಬೆಣ್ಣೆ ಸ್ವಲ್ಪ ಹೊತ್ತು ಹಾಗೇ ಕೂತಿತ್ತು. ಆಮೇಲೆ ಕರಗಿ ಪಕ್ಕಕ್ಕೆ ಜಾರಿ ಅಂಚು ಮುಟ್ಟಿತು. ಅಂಚು ಮುಟ್ಟಿದ ಮೇಲೇ ಕೆಂಪು ಬಣ್ಣ ಶುರು. ಅವರು ಅದನ್ನಷ್ಟೇ ನೋಡುತ್ತಿದ್ದರು, ಗಿರಾಕಿಗಳ ಕಡೆ ತಲೆ ಎತ್ತಲೇ ಇಲ್ಲ.

ತಟ್ಟೆಗೆ ಬಂದಾಗ ಮೇಲೆ ಇನ್ನೊಂದು ಉಂಡೆ ಬೆಣ್ಣೆ. ಬಿಳಿ ಬೆಣ್ಣೆ, ಉಪ್ಪಿಲ್ಲದ್ದು. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಅರಿಶಿನ ಇಲ್ಲ, ಸಾಸಿವೆಯ ಗದ್ದಲ ಇಲ್ಲ, ಬೆಳ್ಳಗೆ ಸಪ್ಪೆ. ಸಪ್ಪೆ ಯಾಕೆ ಅಂದರೆ ಚಟ್ನಿ ಖಾರ. ತೆಳ್ಳಗಿನ ಕಾಯಿ ಚಟ್ನಿ, ಹಸಿಮೆಣಸಿನಕಾಯಿ ಧಾರಾಳವಾಗಿ ಬಿದ್ದಿತ್ತು. ಹುಡುಗನೊಬ್ಬ ಬಕೆಟ್ ಹಿಡಿದು ಕೇಳದಿದ್ದರೂ ಹಾಕುತ್ತ ಹೋಗುತ್ತಾನೆ. ಖಾರ ಹತ್ತಿದಾಗ ಪಲ್ಯ, ಜಿಡ್ಡು ಅನಿಸಿದಾಗ ಚಟ್ನಿ. ಸಾಂಬಾರ್ ಕೇಳಬೇಡಿ. ಅದಕ್ಕಿಲ್ಲಿ ಕೆಲಸವೇ ಇಲ್ಲ. ಇನ್ನೊಂದು, ಎರಡು ದೋಸೆ ಒಟ್ಟಿಗೆ ಹೇಳಬೇಡಿ. ಮೊದಲನೆಯದು ಮುಗಿಯುವುದರೊಳಗೆ ಎರಡನೆಯದು ಮೆತ್ತಗಾಗುತ್ತದೆ. ಒಂದು ತಿಂದು, ಅಲ್ಲೇ ಕೂತು, ಇನ್ನೊಂದು ಕೇಳಿ. ಯಾರೂ ಎಬ್ಬಿಸುವುದಿಲ್ಲ.

ಊರಲ್ಲಿ ಈ ದೋಸೆಗೆ ಒಂದು ಕಥೆಯಿದೆ. 1928ರಲ್ಲಿ ಚೆನ್ನಮ್ಮ ಅನ್ನುವವರು ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದರಂತೆ. ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ, ಚಟ್ನಿ, ಪಲ್ಯ ಮಾಡಿ ಮಾರಿದರಂತೆ. ಹತ್ತು ವರ್ಷದ ನಂತರ ಮಕ್ಕಳು ರಾಗಿ ಬಿಟ್ಟು ಅಕ್ಕಿ ಹಿಟ್ಟಿಗೆ ಬಂದರು, ಬೆಣ್ಣೆ ಸೇರಿತು. ನನ್ನ ಕಿವಿ ನೆಟ್ಟಗಾಗಿದ್ದು ಆಮೇಲಿನ ಮಾತಿಗೆ. ಅಕ್ಕಿ, ಉದ್ದಿನಬೇಳೆ ಜೊತೆ ರುಬ್ಬಲು ಹಾಕುವುದು ಮಂಡಕ್ಕಿ. ಗಲ್ಲಾದಲ್ಲಿದ್ದ ಯಜಮಾನರನ್ನು ಕೇಳಿದೆ. "ಮತ್ತೆ? ಮಂಡಕ್ಕಿ ಹಾಕ್ದಿದ್ರೆ ಹಗುರಾಗಿ ಬರಂಗಿಲ್ರಿ. ಬೆಣ್ಣೆ ಎಲ್ಲಾರ್ಗೂ ಕಾಣ್ತೈತೆ, ಅದು ಕಾಣಂಗಿಲ್ಲ" ಅಂದು ಚಿಲ್ಲರೆ ಎಣಿಸತೊಡಗಿದರು.

ಕಾಫಿ ಬಗ್ಗೆ ಹೇಳಿಬಿಡುತ್ತೇನೆ. ಇದು ಟೀ ಊರು. ಕಾಫಿ ಎಲ್ಲ ಕಡೆ ಸಿಗುತ್ತದೆ, ಆದರೆ ಹಾಸನ, ಚಿಕ್ಕಮಗಳೂರಿನವರು ಕುಡಿದರೆ ಮುಖ ಹಿಂಡುತ್ತಾರೆ. ಬೀದಿ ಬದಿಯ ಟೀ ಮಾತ್ರ ಕುದ್ದು ಕುದ್ದು ಗಟ್ಟಿಯಾಗಿ ಚೆನ್ನಾಗಿರುತ್ತದೆ. ಹಾಫ್ ಟೀ ಕೇಳಿ, ಸಾಕು.

ಮಧ್ಯಾಹ್ನ ಅವಳ ಕ್ಲಾಸು. ನಾನು ವಿದ್ಯಾನಗರ, ಹದಡಿ ರಸ್ತೆ ಕಡೆ ಸುಮ್ನೆ ಅಡ್ಡಾಡಿದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈಗ ಕಾಲೇಜಿನವರ ಊರು. ಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರಷ್ಟು ಹಳೆಯದು. ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ ಬಂತು, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿ. ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಗಿದ್ದು 1997ರಲ್ಲಿ, ಅಂದರೆ ಜಿಲ್ಲೆಗಿಂತ ಕಾಲೇಜುಗಳೇ ಹಿರಿಯವು. ಅದಕ್ಕೇ ಇರಬೇಕು, ಇಲ್ಲಿ ಗಲ್ಲಿಗೊಂದು ಮೆಸ್ಸು, ಜೆರಾಕ್ಸ್ ಅಂಗಡಿಗೊಂದು ಜ್ಯೂಸ್ ಅಂಗಡಿ. ಅಕ್ಕನ ಮಗಳ ಮೆಸ್ಸಲ್ಲಿ ಊಟ ಮಾಡಿದೆ. ಚಪಾತಿ ಚರ್ಮದ ಹಾಗಿತ್ತು, ಸಾರು ಪರವಾಗಿಲ್ಲ. ಹೆಚ್ಚು ಬರೆಯುವುದಕ್ಕೇನಿಲ್ಲ.

ಸಂಜೆ ಆರಕ್ಕೆ ಅವಳೂ ಅವಳ ಇಬ್ಬರು ಗೆಳತಿಯರೂ ನನ್ನನ್ನು ರಾಮ್ ಅಂಡ್ ಕೋ ಸರ್ಕಲ್‌ಗೆ ಕರೆದುಕೊಂಡು ಹೋದರು. ಗಾಡಿಗಳು ಆಗಷ್ಟೇ ಬಂದು ನಿಲ್ಲುತ್ತಿದ್ದವು. ಈ ಊರಲ್ಲಿ ಒಂದೊಂದು ತಿನಿಸಿಗೂ ಒಂದೊಂದು ಹೊತ್ತು. ಬೆಳಗ್ಗೆ ದೋಸೆ, ಸಂಜೆ ಮಂಡಕ್ಕಿ. ಎಷ್ಟೋ ಹಳೇ ದೋಸೆ ಹೋಟೆಲುಗಳಲ್ಲಿ ಮಧ್ಯಾಹ್ನ ಒಲೆ ಆರಿರುತ್ತದೆ. ಮೆಣಸಿನಕಾಯಿ, ಅಂದರೆ ಮೆಣಸಿನಕಾಯಿ ಬಜ್ಜಿ, ಎಣ್ಣೆಗೆ ಬೀಳೋದು ಹೊತ್ತು ಇಳಿದ ಮೇಲೇ.

ಮಂಡಕ್ಕಿ-ಮೆಣಸಿನಕಾಯಿ ಅಂದರೆ ಜೋಡಿ. ಒಂದನ್ನೇ ಕೇಳಿದರೆ ಅಂಗಡಿಯವರೇ "ಮತ್ತೆ ಮೆಣಸಿನಕಾಯಿ?" ಅನ್ನುತ್ತಾರೆ. ನಮ್ಮ ಗಾಡಿಯ ಅಣ್ಣ ನರ್ಗಿಸ್ ಮಾಡಿಕೊಟ್ಟರು. ಮಂಡಕ್ಕಿಗೆ ಹುರಿಗಡಲೆ ಪುಡಿ, ಒಗ್ಗರಣೆ ಎಣ್ಣೆ, ಖಾರ ಹಾಕಿ ಕೈಯಲ್ಲೇ ಮೇಲೆ ಕೆಳಗೆ ಮಾಡಿದರು. ಪುಡಿ ಒಂದೊಂದು ಕಾಳಿಗೂ ಹತ್ತಿಕೊಂಡಿತು. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ. ಬಾಯಿಗೆ ಹಾಕಿದರೆ ಮೊದಲು ಗರಗರ, ಆಮೇಲೆ ಪುಡಿ ಕರಗಿ ಸಿಹಿ, ಕೊನೆಗೆ ಎಲ್ಲಿಂದಲೋ ಖಾರ. ಪಕ್ಕದಲ್ಲಿ ಮಸಾಲೆ ಮಂಡಕ್ಕಿ ತೆಗೆದುಕೊಂಡವರದ್ದು ಬೇರೆ ರುಚಿ, ಒದ್ದೆ ಒದ್ದೆ. ಅದನ್ನು ನಿಂತಲ್ಲೇ ತಿನ್ನಬೇಕು. ನರ್ಗಿಸ್‌ನ್ನಾದರೆ ಕಟ್ಟಿಸಿಕೊಂಡು ರೂಮಿಗೆ ಒಯ್ಯಬಹುದು. ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲುಗಳಿಗೆ ಪೊಟ್ಟಣಗಟ್ಟಲೆ ಹೋಗುತ್ತದಂತೆ.

"ಎಣ್ಣೇಲಿ ಕರಿದಿದ್ದಲ್ಲ, ಹೊಟ್ಟೆ ತುಂಬುತ್ತೆ, ಓದ್ತಾ ಓದ್ತಾ ತಿನ್ನಬಹುದು, ದುಡ್ಡೂ ಕಡಿಮೆ" ಅಂತ ಒಬ್ಬಳು ಗೆಳತಿ ಲೆಕ್ಕ ಕೊಟ್ಟಳು. ಹಾಗೆ ಹೇಳುವಾಗ ಅವಳ ಕೈಯಲ್ಲಿ ಎಣ್ಣೆ ಸೋರುವ ಮೆಣಸಿನಕಾಯಿ ಇತ್ತು. ನಾಲ್ಕು ಜನ ಹೊಟ್ಟೆ ತುಂಬ ತಿಂದು, ಮಸಾಲ ಸೋಡಾ ಕುಡಿದು ಎದ್ದಾಗ ಆದ ಬಿಲ್ಲು ಬೆಂಗಳೂರಿನ ಮಾಲ್‌ನಲ್ಲಿ ಒಬ್ಬರ ಪಾಪ್‌ಕಾರ್ನ್‌ಗೂ ಸಾಲದು.

ಬಿರಿಯಾನಿ ಆಸೆಯೂ ಇತ್ತು. ಆದರೆ ಮೂವರಲ್ಲಿ ಇಬ್ಬರು ಶ್ರಾವಣ ಹಿಡಿದಿದ್ದರು. ಅವರೆದುರು ತಿನ್ನೋದು ಸರಿ ಅನಿಸಲಿಲ್ಲ. ರಾತ್ರಿ ಬಿಸಿ ಬಾದಾಮಿ ಹಾಲು ಕುಡಿದು ಲಾಡ್ಜ್‌ಗೆ ಹೋದೆ. ಬಿಸಿನೀರು ಬೆಳಗ್ಗೆ ಆರರಿಂದ ಎಂಟರವರೆಗೆ ಅಂತ ಬೋರ್ಡಿತ್ತು. ಬೆಳಗ್ಗೆ ಬಂದಿದ್ದು ತಣ್ಣೀರು. ಕೆಳಗೆ ಕೇಳಿದರೆ "ಸೋಲಾರ್ ಮೇಡಂ, ಮೋಡ ಐತಲ್ಲ" ಅಂದರು. ಮಳೆಗಾಲದಲ್ಲಿ ಬರುವವರು ಗೀಸರ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಶನಿವಾರ

ಮಂಡಕ್ಕಿ ಭಟ್ಟಿ ನೋಡಬೇಕು ಅಂದಾಗ ಅಕ್ಕನ ಮಗಳಿಗೆ ಆಶ್ಚರ್ಯ. ಇಲ್ಲಿ ಇಷ್ಟು ದಿನ ಇದ್ದರೂ ಅವಳು ಆ ಕಡೆ ಹೋಗಿರಲಿಲ್ಲ. ಆಟೊ ಹೋಗುವ ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಎರಡೂ ಕಡೆ ಬೈಕು, ಆಟೊ, ತಳ್ಳುಗಾಡಿ. ಒಂದು ಗೂಡ್ಸ್ ಹೋಯಿತು, ಗೇಟ್ ಏಳಲಿಲ್ಲ. ಇನ್ನೊಂದು ಗಾಡಿಗೆ ಕಾದರು. ಯಾರೂ ಹಾರನ್ ಹೊಡೆಯಲಿಲ್ಲ. ಪಕ್ಕದ ಬೈಕಿನವರು ಇಳಿದು, ಎದುರಿನ ಅಂಗಡಿಯಲ್ಲಿ ಟೀ ಕುಡಿದು, ದುಡ್ಡು ಕೊಟ್ಟು, ವಾಪಸ್ ಬಂದು ಬೈಕ್ ಸ್ಟಾರ್ಟ್ ಮಾಡುವುದಕ್ಕೂ ಗೇಟ್ ಏಳುವುದಕ್ಕೂ ಸರಿಹೋಯಿತು.

ಭಟ್ಟಿಗಳು ಹಳೇ ಊರಿನ ಆಚೆ ಬದಿಗೆ, ಒತ್ತೊತ್ತಾಗಿ ಇವೆ. ತಗಡಿನ ಮಾಡು, ಹೊಗೆ ಹಿಡಿದು ಕಪ್ಪಾದ ಗೋಡೆ. ರಸ್ತೆ ತುಂಬ ಹೊಟ್ಟು. ಮಳೆಗೆ ಅದು ನೆಂದು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಒಂದು ಭಟ್ಟಿಯ ಮುಂದೆ ನಿಂತು ನೋಡಬಹುದಾ ಅಂತ ಕೇಳಿದೆ. ಒಳಗಿದ್ದ ಅಜ್ಜ "ನೋಡ್ರಿ, ನೋಡೋಕೇನು. ಹತ್ರ ಬರ್ಬೇಡ್ರಿ, ಮರಳು ಸಿಡೀತೈತೆ" ಅಂದರು.

ಕೆಲಸ ನಾನು ಅಂದುಕೊಂಡಷ್ಟು ಸುಲಭದ್ದಲ್ಲ. ಭತ್ತವನ್ನು ಬಿಸಿನೀರಲ್ಲಿ ನೆನೆಸಬೇಕು. ನೆನೆದದ್ದನ್ನು ಹುರಿಯಬೇಕು. ಹೊಟ್ಟು ತೆಗೆಸಿ ಅಕ್ಕಿ ಮಾಡಿಸಬೇಕು. ಆ ಅಕ್ಕಿಗೆ ಉಪ್ಪುನೀರು ಹಾಕಿ ಕಲಸಿ ಇಟ್ಟು, ಕೊನೆಗೆ ಕಾದ ಮರಳಿಗೆ ಸುರಿಯಬೇಕು. ನಾವು ನೋಡಿದ್ದು ಈ ಕೊನೆಯ ಹಂತ. ಅಜ್ಜ ಒಂದು ಬೊಗಸೆಯಷ್ಟು ಅಕ್ಕಿ ಸುರಿದು ಕೈಯಾಡಿಸಿದರು. ನಾಲ್ಕೈದು ಎಣಿಸುವಷ್ಟರಲ್ಲಿ ಪಟಪಟ ಅಂತ ಅರಳಿ ಬಾಣಲೆ ತುಂಬಿತು. ಜರಡಿಗೆ ಎತ್ತಿ ಕುಲುಕಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಕೊಂಚ ತಡವಾದರೆ ಕೆಂಪಾಗುತ್ತದೆ. ಕೆಂಪಾದರೆ ಚೀಲದ ರೇಟು ಹೋಯಿತು ಅಂದರು.

ಬಿಸಿ ಮಂಡಕ್ಕಿ ನಾನು ತಿಂದಿದ್ದು ಅದೇ ಮೊದಲು. ಏನೂ ಹಾಕಿಲ್ಲ, ಉಪ್ಪು ಮಾತ್ರ. ಅಂಗಡಿಯ ಮಂಡಕ್ಕಿಗೆ ಈ ವಾಸನೆ ಇರುವುದಿಲ್ಲ. ಅನ್ನ ಬೆಂದ ವಾಸನೆ ಜೊತೆ ಸ್ವಲ್ಪ ಸುಟ್ಟ ವಾಸನೆ.

ಆದರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ. ಕಣ್ಣು ಉರಿಯುತ್ತಿತ್ತು. ಹಿಂದೆ ಭಟ್ಟಿಗಳಲ್ಲಿ ಹಳೇ ಟೈರ್ ಸುಡುತ್ತಿದ್ದರು, ಅದರ ಹೊಗೆ ಊರಿಗೆಲ್ಲ ಹರಡಿ ಗಲಾಟೆಯಾಗುತ್ತಿತ್ತು. ನಾವು ನೋಡಿದ ಭಟ್ಟಿಗೆ ಭತ್ತದ ಹೊಟ್ಟೇ ಉರುವಲು. ಆದರೂ ಹೊಗೆ ಹೊಗೆಯೇ. ಅಜ್ಜನ ಕಣ್ಣು ಕೆಂಪಗಿತ್ತು, ಮಾತಿನ ನಡುವೆ ಕೆಮ್ಮುತ್ತಿದ್ದರು. ಮಕ್ಕಳೂ ಇದೇ ಕೆಲಸವಾ ಅಂತ ಅಕ್ಕನ ಮಗಳು ಕೇಳಿದಳು. "ಇಲ್ಲವ್ವ. ಒಬ್ಬ ಮೊಬೈಲ್ ಅಂಗಡೀಲಿ ಅದಾನೆ, ಒಬ್ಬಳು ನಿನ್ನಂಗೆ ಕಾಲೇಜಿಗೆ ಹೋಗ್ತಾಳೆ. ನಂದು ಮುಗೀತು ಅಂದ್ರೆ ಮುಗೀತು" ಅಂದರು. ಊರಿಡೀ ಚಪ್ಪರಿಸುವ ತಿನಿಸು ಇಂಥ ಬೆಂಕಿ ಮುಂದೆ ಕೂತವರಿಂದ ಬರುತ್ತದೆ. ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಇದು ಹೊಳೆದಿರಲಿಲ್ಲ.

ಅಲ್ಲೇ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ ಕೊಂಡೆವು. ತಕ್ಕಡಿ ಇಲ್ಲ, ಸೇರಿನ ಲೆಕ್ಕ. ಸೇರಿನ ಮೇಲೆ ಗೋಪುರದಷ್ಟು ಎತ್ತರಕ್ಕೆ ತುಂಬಿ ಸುರಿದರು. ಬಟ್ಟೆ ಚೀಲ ಉಬ್ಬಿ ನಿಂತಿತು. ತೂಕ ಮಾತ್ರ ಇಲ್ಲವೇ ಇಲ್ಲ.

ಮಧ್ಯಾಹ್ನ ಖಾನಾವಳಿ. ದಾವಣಗೆರೆ ಅಂದರೆ ದೋಸೆ ಅಂದುಕೊಂಡು ಬಂದವರು ಖಾನಾವಳಿ ಮರೆತು ಹೋಗುತ್ತಾರೆ. ಜೋಳದ ರೊಟ್ಟಿಯ ಸೀಮೆ ಇಲ್ಲಿಂದಲೇ ಶುರುವಾಗುತ್ತದೆ. ನಾವು ಹೋದ ಕಡೆ ಬೋರ್ಡೂ ಸರಿಯಾಗಿರಲಿಲ್ಲ, ಪಟಪಟ ರೊಟ್ಟಿ ತಟ್ಟುವ ಸದ್ದು ಹಿಡಿದು ಒಳಗೆ ಹೋದೆವು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಗಟ್ಟಿ ಮೊಸರು. ಬಡಿಸುವ ಅಕ್ಕ ನನ್ನ ತಟ್ಟೆ ನೋಡಿ, "ಪುಡಿ ಬರೇ ತಿನ್ನಬಾರ್ದು ಅಕ್ಕಾರೆ, ಮೊಸ್ರು ಹಾಕಿ ಕಲಸ್ರಿ" ಅಂತ ತಾವೇ ಮೊಸರು ಹಾಕಿದರು. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಸ್ವಲ್ಪ ಬೆಲ್ಲ. ಬದನೆಕಾಯಿ ತೊಟ್ಟು ಹಿಡಿದು ಎತ್ತಿದರೆ ತಿರುಳು ತಟ್ಟೆಯಲ್ಲೇ ಉಳಿಯುವಷ್ಟು ಬೆಂದಿತ್ತು. ನನ್ನನ್ನು ಕೇಳಿದರೆ, ಈ ಪ್ರವಾಸದ ಒಳ್ಳೆ ಊಟ ಇದೇ. ದೋಸೆಯವರು ಬೇಜಾರು ಮಾಡಿಕೊಳ್ಳಬಾರದು. ಒಂದೂವರೆ ಮೇಲೆ ಹೋದರೆ ಪಲ್ಯ ಮುಗಿದಿರುತ್ತದೆ, ಹನ್ನೆರಡೂವರೆಗೇ ಹೋಗಿ.

ಊಟ ಮುಗಿಸಿ ಹರಿಹರದ ಬಸ್ ಹತ್ತಿದೆವು. ಹದಿನಾಲ್ಕು ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ, ಕಾಯುವ ಹಾಗಿಲ್ಲ. ಊರು ದಾಟುತ್ತಿದ್ದಂತೆ ಎರಡೂ ಕಡೆ ಗದ್ದೆ. ಭದ್ರಾ ನಾಲೆಗೆ ನೀರು ಬಿಟ್ಟಿದ್ದರು, ಕೆಲವು ಕಡೆ ನಾಟಿ ನಡೆದಿತ್ತು. ಪಕ್ಕದಲ್ಲಿ ಕೂತಿದ್ದ ಯಜಮಾನರು ನನ್ನ ತೊಡೆ ಮೇಲಿನ ಚೀಲ ನೋಡಿದರು. "ನಮ್ಮ ಭತ್ತ ಇದ್ರೂ ಇರ್ಬೋದು ನೋಡ್ರಿ ಅದ್ರಾಗೆ" ಅಂದರು. ಅವರದು ನಾಲೆಯ ಕೊನೇ ಭಾಗದ ಹಳ್ಳಿ. ಮೇಲಿನವರು ನೀರು ಬಿಟ್ಟರೆ ಭತ್ತ, ಇಲ್ಲದಿದ್ದರೆ ಮೆಕ್ಕೆಜೋಳ. ಹರಿಹರದವರೆಗೂ ನೀರಿನದೇ ಮಾತು. ನಾಲೆ ಇಲ್ಲದಿದ್ದರೆ ಭತ್ತ ಇಲ್ಲ, ಭತ್ತ ಇಲ್ಲದಿದ್ದರೆ ಭಟ್ಟಿ ಇಲ್ಲ. ಕಿಟಕಿಯಿಂದ ನೋಡುತ್ತ ಕೂತೆ.

ಹರಿಹರೇಶ್ವರ ದೇವಸ್ಥಾನ 1224ರದ್ದು. ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಹರಿ, ಅರ್ಧ ಹರ ಇರುವ ಎತ್ತರದ ಮೂರ್ತಿ. ಮಂಟಪದ ಕಂಬಗಳು ಎಷ್ಟು ನುಣುಪು ಅಂದರೆ, ಅಕ್ಕನ ಮಗಳು ಒಂದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ಹಿಂದೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗುಡಿ ಹತ್ತಿರ ಹುರಿದ ಶೇಂಗಾ ಕೊಂಡು ಹೊಳೆ ನೋಡುತ್ತ ತಿಂದೆವು.

ವಾಪಸ್ ಬರುವಾಗ ಮಳೆ ಜೋರಾಯಿತು. ನಮ್ಮ ಸೀಟಿನ ಕಿಟಕಿ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಎಳೆದೆವು, ಗುದ್ದಿದೆವು. ಕಂಡಕ್ಟರ್ ಬಂದು ಒಂದು ಸಲ ಪ್ರಯತ್ನ ಪಟ್ಟು, "ಅದು ಹಂಗೇ ಮೇಡಂ" ಅಂತ ಹೇಳಿ ಹೋದರು. ನಿಂತವರೇ ತುಂಬಿದ್ದರು, ಬೇರೆ ಜಾಗವಿಲ್ಲ. ಛತ್ರಿಯನ್ನು ಕಿಟಕಿಗೆ ಅಡ್ಡ ಹಿಡಿದು ಕೂತೆ. ನಾವು ಹೇಗೋ ಉಳಿದೆವು, ಮಂಡಕ್ಕಿ ಚೀಲ ನೆನೆಯಿತು. ಪಿಜಿಗೆ ಬಂದು ಬಿಚ್ಚಿದರೆ ಮೇಲಿನ ಅರ್ಧ ಮೆತ್ತಗಾಗಿತ್ತು. ಕೈಯಲ್ಲಿ ಹಿಡಿದರೆ ಸದ್ದೇ ಇಲ್ಲ.

ಎಸೆಯೋದು ಅಂತ ಹೊರಟಾಗ ಪಿಜಿ ಓನರ್ ಆಂಟಿ ಅಡುಗೆಮನೆಯಿಂದ ಬಂದರು. "ಎಸೀತಾರಾ ಯಾರಾದ್ರೂ? ನೆಂದಿದ್ದು ಒಳ್ಳೇದೇ ಆತು. ನಾಳೆ ಹೆಂಗೂ ನಾನೇ ನೆನೆಸ್ತಿದ್ದೆ. ಬೆಳಗ್ಗೆ ಲಾಡ್ಜ್‌ನ್ಯಾಗೆ ತಿಂಡಿ ತಿನ್ನಬೇಡ್ರಿ, ಇಲ್ಲಿಗೇ ಬರ್ರಿ" ಅಂದರು. ಹೋಗುವಾಗ ಎರಡು ಶೇಂಗಾ ಉಂಡೆ ಕೈಗಿಟ್ಟರು. ಪಂಚಮಿಗೆ ಮಾಡಿದ್ದು ಇನ್ನೂ ಡಬ್ಬಿಯಲ್ಲಿತ್ತು. ರಾತ್ರಿ ಊಟ ಅದೇ, ಜೊತೆಗೆ ಬಾಳೆಹಣ್ಣು.

ಭಾನುವಾರ

ಬೆಳಗ್ಗೆ ಮಳೆ ನಿಂತಿತ್ತು. ಕುಂದವಾಡ ಕೆರೆ ಏರಿ ಮೇಲೆ ನಡೆಯಲು ಹೋದೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಸುತ್ತ ನಡೆಯುವ ದಾರಿ ಚೆನ್ನಾಗಿದೆ. ಅಲ್ಲೇ ಹತ್ತಿರ ಗಾಜಿನ ಮನೆ. ಲಾಲ್‌ಬಾಗಿನದನ್ನು ನೋಡಿದವರಿಗೆ ಹೊಸತೇನಲ್ಲ, ಆದರೆ ಇಲ್ಲಿ ನೂಕುನುಗ್ಗಲಿಲ್ಲ. ಏರಿ ಮೇಲೆ ಒಬ್ಬ ಹಿರಿಯರು ಜೊತೆಯಾದರು. ಗಿರಣಿಯಲ್ಲಿ ಕೆಲಸ ಮಾಡಿದ್ದವರು. ರಾತ್ರಿ ಪಾಳಿ ಬಿಟ್ಟು ಬರುವಾಗ ಏನು ತಿನ್ನುತ್ತಿದ್ದಿರಿ ಅಂತ ಕೇಳಿದೆ. "ದೋಸೆ ಅಂತ ಹೇಳ್ಬೇಕು ನಾನು, ಅಲ್ವಾ?" ಅಂತ ನಕ್ಕರು. "ಸಂಬಳದ ದಿನ ದೋಸೆ. ಉಳಿದ ದಿನ ಮಂಡಕ್ಕಿ, ಒಂದು ಈರುಳ್ಳಿ, ಟೀ. ಪಂಚೆ ತುದೀಲಿ ಕಟ್ಕಂಡು ಹೋಗ್ತಿದ್ವಿ." ಗಿರಣಿ ನಿಂತ ಮೇಲೆ ಅವರ ಜೊತೆಯವರು ಕೆಲವರು ಟೀ ಅಂಗಡಿ ಇಟ್ಟರಂತೆ, ಕೆಲವರು ಕಾಲೇಜುಗಳಲ್ಲಿ ವಾಚ್‌ಮನ್ ಆದರಂತೆ. ಮೊಮ್ಮಗ ಈಗ ಬಿಡಿಟಿಯಲ್ಲಿ ಓದುತ್ತಿದ್ದಾನೆ ಅಂತ ಹೇಳುವಾಗ ಮಾತ್ರ ನಡಿಗೆ ನಿಧಾನ ಮಾಡಿದರು.

ಒಂಬತ್ತಕ್ಕೆ ಪಿಜಿ. ಆಂಟಿ ಮಂಡಕ್ಕಿಯನ್ನು ಮತ್ತೆ ಒಂದು ಸಲ ನೀರಿಗೆ ಹಾಕಿ ಹಿಂಡಿ ಇಟ್ಟಿದ್ದರು. ನೀರು ಹೀರಿ ಕುಗ್ಗಿ ಒಂದು ಬೋಗುಣಿಯಷ್ಟಾಗಿತ್ತು. ಬಾಣಲೆಯಲ್ಲಿ ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ, ಟೊಮೆಟೊ. ಅದರ ಮೇಲೆ ಮಂಡಕ್ಕಿ, ಮೇಲಿನಿಂದ ಹುರಿಗಡಲೆ ಪುಡಿ. ಒಲೆ ಆರಿಸಿದ ಮೇಲೇ ಪುಡಿ ಹಾಕಬೇಕಂತೆ, ಇಲ್ಲದಿದ್ದರೆ ಗಂಟಾಗುತ್ತದೆ. ಕೊನೆಗೆ ನಿಂಬೆಹಣ್ಣು. ಆ ಮನೆಯಲ್ಲಿ ಇದಕ್ಕೆ ಒಗ್ಗರಣೆ ಮಂಡಕ್ಕಿ ಅನ್ನುತ್ತಾರೆ. ಅವಲಕ್ಕಿಗಿಂತ ಹಗುರ, ಉಪ್ಪಿಟ್ಟಿಗಿಂತ ಮೆದು. ಪಿಜಿಯ ಹುಡುಗಿಯರು ಭಾನುವಾರ ಹತ್ತರವರೆಗೆ ಮಲಗುವವರು, ಒಗ್ಗರಣೆ ವಾಸನೆಗೆ ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಬಂದರು. ಬಿಜಾಪುರದ ಹುಡುಗಿಯೊಬ್ಬಳು ನಮ್ಮ ಕಡೆ ಇದು ಸುಸಲಾ ಅಂದಳು. ನಮ್ಮ ಅಮ್ಮ ಇದಕ್ಕಿಂತ ಚೆನ್ನಾಗಿ ಮಾಡ್ತಾಳೆ ಅಂತಲೂ ಸೇರಿಸಿದಳು. ಆಂಟಿ ಸೌಟು ತೋರಿಸಿ, "ಹಂಗಾದ್ರೆ ಎರಡ್ನೇ ಸಲ ಕೇಳ್ಬೇಡ" ಅಂದರು. ಅವಳು ಕೇಳಿದಳು, ಆಂಟಿ ಹಾಕಿದರು.

ಇಷ್ಟಾದರೂ ಹೊರಡುವ ಮೊದಲು ಇನ್ನೊಂದು ಸಲ ದೋಸೆ ತಿನ್ನದೆ ಬಿಡಲಿಲ್ಲ. ಭಾನುವಾರ ಹನ್ನೊಂದಕ್ಕೆ ದೋಸೆ ಹೋಟೆಲಿಗೆ ಹೋಗೋದು ಬುದ್ಧಿವಂತರ ಕೆಲಸವಲ್ಲ. ಹೆದ್ದಾರಿಯಿಂದ ಇಳಿದ ಕಾರುಗಳೆಲ್ಲ ಅಲ್ಲೇ ನಿಂತಿದ್ದವು, ತಿನ್ನುವವರ ಬೆನ್ನ ಹಿಂದೆ ಕಾಯುವವರು. ಖಾಲಿ ದೋಸೆ ಹೇಳಿದೆವು. ಇದು ಗರಿಗರಿ ಇಲ್ಲ, ಮೆತ್ತಗೆ. ಪಲ್ಯ, ಚಟ್ನಿ ಅದೇ, ಬೆಣ್ಣೆ ಬೇಕಿದ್ದರೆ ಹಾಕುತ್ತಾರೆ. ಬೆಣ್ಣೆ ದೋಸೆಯಲ್ಲಿ ಬೆಣ್ಣೆಯ ರುಚಿಯೇ ಮುಂದೆ ಬರುತ್ತದೆ, ಇದರಲ್ಲಿ ಹಿಟ್ಟಿನ ರುಚಿ ಗೊತ್ತಾಗುತ್ತದೆ. ಸಣ್ಣ ಹುಳಿ, ಹಗುರ. ಮಂಡಕ್ಕಿ ಎಲ್ಲಿದೆ ಅಂತ ಹುಡುಕುತ್ತ ತಿಂದೆ. ಓಪನ್ ದೋಸೆಯೂ ಇತ್ತು, ಮೇಲೆ ಪಲ್ಯ, ಚಟ್ನಿಪುಡಿ ಹರಡಿ ಬಿಚ್ಚಿಯೇ ಕೊಡುವಂಥದ್ದು. ಅದನ್ನು ಅಕ್ಕನ ಮಗಳು ತಿಂದಳು. ನನಗೆ ಅದು ಗಲಾಟೆ ಅನಿಸಿತು.

ವಾಪಸಾಗಲು ರೈಲು ಟಿಕೆಟ್ ಸಿಗಲಿಲ್ಲ, ಬಸ್ಸೇ ಗತಿ. ಹೊರಡುವ ಮೊದಲು ಹೊಸದಾಗಿ ಮಂಡಕ್ಕಿ ಕೊಂಡೆ. ಈ ಸಲ ಪ್ಲಾಸ್ಟಿಕ್ ಕವರ್‌ನೊಳಗೆ ಬಟ್ಟೆ ಚೀಲ. ಕಂಡಕ್ಟರ್ ಚೀಲ ನೋಡಿ ಲಗೇಜ್ ಹಾಕ್ತೀನಿ ಅಂದರು. ಎತ್ತಿ ನೋಡಿ ಅಂದೆ. ಎರಡು ಬೆರಳಲ್ಲಿ ಎತ್ತಿ, ಏನೂ ಹೇಳದೆ ಮೇಲಿನ ಕಂಬಿಗೆ ಇಟ್ಟರು.

ಚಿತ್ರದುರ್ಗ ಹತ್ತಿರ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ಬಿಸಿಲು ಬಂದಿತ್ತು. ಹಿರಿಯೂರು ದಾಟಿದ ಮೇಲೆ ಬಸ್ಸು ಹೆದ್ದಾರಿ ಬದಿಯ ಹೋಟೆಲಿನಲ್ಲಿ ನಿಂತಿತು. ಮುಂದೆ ದೊಡ್ಡ ಬೋರ್ಡು: ದಾವಣಗೆರೆ 'ಒರಿಜಿನಲ್' ಬೆಣ್ಣೆ ದೋಸೆ. ಗ್ಯಾಸ್ ಒಲೆ, ಮೇಲೆ ಹಳದಿ ಬೆಣ್ಣೆಯ ಪ್ಯಾಕೆಟ್ಟು. ನನ್ನ ಪಕ್ಕದ ಸೀಟಿನವರು ದಾವಣಗೆರೆಯವರೇ, ಮಗಳ ಮನೆಗೆ ಹೊರಟಿದ್ದರು. ಬೋರ್ಡನ್ನೊಮ್ಮೆ ಓದಿ, ನನ್ನ ಕಡೆ ತಿರುಗಿ, "ಟೀ ಅಷ್ಟೇ ಕುಡೀರಿ" ಅಂದರು.